ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ಎದೆಯೊಳಗೆ ಗುಳ್ಳೆ ಕಂಡರೆ ಮುಂದೇನು?

ತಂಗಿ ಸ್ಕ್ಯಾನಿಂಗ್ ಸೆಂಟರ್‌ನ ಮೆಟ್ಟಿಲ ಮೇಲೆ ಕೂತೇ ಫೋನ್ ಮಾಡಿದ್ದಳು. "ಅಕ್ಕಾ, ಮಗು ಎದೆ ಒಳಗೆ ಏನೋ ನೀರಿನ ಗುಳ್ಳೆ ಇದೆಯಂತೆ. ಹೃದಯ ಬಲಕ್ಕೆ ಸರಿದಿದೆಯಂತೆ." ಹಿಂದೆ ಯಾರೋ ಟೋಕನ್ ನಂಬರ್ ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. ಆಗ ಅವಳಿಗೆ 20 ವಾರ. ಸ್ಕ್ಯಾನ್ ಮಾಡಿದವರು ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು: "ಇನ್ನೂ ಟೈಮ್ ಇದೆ, ತೆಗೆಸಿಬಿಡಿ. ವಯಸ್ಸಿದೆ, ಮತ್ತೆ ಆಗುತ್ತೆ." ಗುಳ್ಳೆ ಯಾವ ಥರದ್ದು, ಎಷ್ಟು ದೊಡ್ಡದು ಅಂತ ಮಾತ್ರ ಒಂದು ಮಾತೂ ಇಲ್ಲ.

ಆ ಮಗುವಿಗೆ ಈಗ ಆರು ವರ್ಷ. ಸ್ಕೂಲ್ ವ್ಯಾನ್ ಹತ್ತುವಾಗ ದಿನಾ ಜಗಳ ಮಾಡುತ್ತಾನೆ.

ನಾನು ಡಾಕ್ಟರ್ ಅಲ್ಲ. ಆ ನಾಲ್ಕೈದು ತಿಂಗಳು ಫೈಲ್ ಹಿಡಿದುಕೊಂಡು ತಂಗಿಯ ಜೊತೆ ಓಡಾಡಿದವಳು, ಪ್ರತಿ ಸಲ ಡಾಕ್ಟರ್ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವಳು. ಆಮೇಲೆ ಇದೇ ಸುದ್ದಿ ಬಂದ ಮೂರ್ನಾಲ್ಕು ಮನೆಯವರು ನನಗೆ ಫೋನ್ ಮಾಡಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ. ನಿಮ್ಮ ಡಾಕ್ಟರ್ ಮಾತಿಗೆ ಇದು ಬದಲಿಯಲ್ಲ. ಅವರ ಹತ್ತಿರ ಏನು ಕೇಳಬೇಕು ಅಂತ ತಿಳಿಯಲು ಅಷ್ಟೆ.

ಮೊದಲ ದಿನ

ಮೊದಲ ದಿನ ಏನನ್ನೂ ತೀರ್ಮಾನ ಮಾಡಬೇಡಿ. ರಿಪೋರ್ಟ್, ಪ್ರಿಂಟ್ ಆದ ಚಿತ್ರಗಳು, ಕೊಟ್ಟರೆ ಸಿಡಿ, ಎಲ್ಲ ತೆಗೆದುಕೊಂಡು ಮನೆಗೆ ಬನ್ನಿ. ಬರುವ ಮೊದಲು ರಿಪೋರ್ಟಿನಲ್ಲಿ ಎರಡು ವಿಷಯ ಇದೆಯಾ ನೋಡಿ: ಗುಳ್ಳೆಯ ಉದ್ದ, ಅಗಲ, ಎತ್ತರ ಮೂರೂ ಅಳತೆ, ಮತ್ತೆ ಮಗುವಿನ ತಲೆಯ ಸುತ್ತಳತೆ. ಎಷ್ಟೋ ರಿಪೋರ್ಟಿನಲ್ಲಿ ಒಂದೇ ಅಳತೆ ಬರೆದು ಬಿಟ್ಟಿರುತ್ತಾರೆ. ಅಲ್ಲೇ ಕೇಳಿ ಬರೆಸಿಕೊಳ್ಳಿ. ಅದು ಯಾಕೆ ಬೇಕು ಅಂತ ಕೆಳಗೆ ಹೇಳುತ್ತೇನೆ.

ಮನೆಗೆ ಬಂದ ಮೇಲೆ ಮಾತು ಶುರುವಾಗುತ್ತದೆ. ನಮ್ಮಲ್ಲಂತೂ ತಂಗಿಯ ಅತ್ತೆ, "ಗ್ರಹಣದ ದಿನ ಹಿತ್ತಿಲಿಗೆ ಹೋಗಿದ್ದೆಯಲ್ಲ" ಎಂದರು. ಇನ್ಯಾರೋ ಪಪ್ಪಾಯಿ ಎಂದರು. ತಂಗಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಬಸುರಿ ಏನು ತಿಂದಳು, ಎಲ್ಲಿ ಹೋದಳು, ಎಷ್ಟು ಕೆಲಸ ಮಾಡಿದಳು, ಇದಕ್ಕೂ ಗುಳ್ಳೆಗೂ ಸಂಬಂಧ ಇಲ್ಲ. ಮೊದಲ ಕೆಲವು ತಿಂಗಳಲ್ಲಿ ಶ್ವಾಸಕೋಶದ ಕೊಳವೆಗಳು ಕವಲೊಡೆದು ಬೆಳೆಯುವಾಗ ಒಂದು ಕಡೆ ಆ ಬೆಳವಣಿಗೆ ದಾರಿ ತಪ್ಪುತ್ತದೆ. ಸಾಮಾನ್ಯವಾಗಿ ಮುಂದಿನ ಮಗುವಿಗೂ ಬರುವುದಿಲ್ಲ. ಈ ಮಾತನ್ನು ಡಾಕ್ಟರ್ ಬಾಯಿಂದಲೇ ಮನೆಯ ಹಿರಿಯರಿಗೆ ಕೇಳಿಸಿ. ನಾವು ಹೇಳಿದರೆ ಕೇಳುವುದಿಲ್ಲ, ಅಲ್ವಾ?

ಯಾವ ಗುಳ್ಳೆ ಅಂತ ಗೊತ್ತಾಗಬೇಕು

ಮುಂದಿನ ಒಂದು ವಾರದೊಳಗೆ ಫೀಟಲ್ ಮೆಡಿಸಿನ್ ತಜ್ಞರನ್ನು ನೋಡಿ. ಹೊಟ್ಟೆಯೊಳಗಿನ ಮಗುವಿನ ಕಾಯಿಲೆಯನ್ನೇ ನೋಡುವ ಡಾಕ್ಟರ್ ಇವರು. ಬೆಂಗಳೂರಿನಲ್ಲಿ ಸುಮಾರು ಜನ ಇದ್ದಾರೆ, ಬೇರೆ ದೊಡ್ಡ ಊರುಗಳಲ್ಲೂ ಸಿಗುತ್ತಾರೆ. ನಿಮ್ಮ ಹೆರಿಗೆ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಂಡು ಹೋಗಿ.

ಎದೆಯಲ್ಲಿ ಕಪ್ಪಗೆ ದುಂಡಗೆ ಏನೋ ಕಂಡರೆ ಅದು ನಾಲ್ಕಾರು ಥರದ್ದಿರಬಹುದು. ಜಾಸ್ತಿ ಕಾಣುವುದು ಸಿಪಿಎಎಂ. ಹಳೆಯ ಹೆಸರು ಸಿಸಿಎಎಂ. 2002ರಿಂದ ಹೊಸ ಹೆಸರು ಬಂದರೂ ಎಷ್ಟೋ ರಿಪೋರ್ಟಿನಲ್ಲಿ ಹಳೆಯದೇ ಇರುತ್ತದೆ. ಎರಡೂ ಒಂದೇ, ಗಾಬರಿ ಬೇಡ. ಇದರಲ್ಲಿ ಶ್ವಾಸಕೋಶದ ಒಂದು ಭಾಗವೇ ಗುಳ್ಳೆಗಳ ಗೊಂಚಲಿನಂತೆ ಬೆಳೆದಿರುತ್ತದೆ. ಗುಳ್ಳೆ 5 ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ ಮ್ಯಾಕ್ರೋಸಿಸ್ಟಿಕ್. ಅದಕ್ಕಿಂತ ಸಣ್ಣದಾದರೆ ಮೈಕ್ರೋಸಿಸ್ಟಿಕ್. ಆಗ ಒಂದೊಂದು ಗುಳ್ಳೆ ಬೇರೆಯಾಗಿ ಕಾಣದೆ ಇಡೀ ಭಾಗ ಬೆಳ್ಳಗೆ ಗಟ್ಟಿಯಾಗಿ ಕಾಣುತ್ತದೆ. ಈ ಎರಡು ಪದ ನೆನಪಿಡಿ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಇದರ ಮೇಲೇ ನಿಂತಿದೆ.

ಎರಡನೆಯದು ಸೀಕ್ವೆಸ್ಟ್ರೇಷನ್. ಶ್ವಾಸಕೋಶದ ಒಂದು ತುಂಡು ಉಸಿರಿನ ಕೊಳವೆಗೆ ಸೇರದೆ ಬೇರೆಯಾಗಿ ಉಳಿದಿರುತ್ತದೆ. ಅದಕ್ಕೆ ರಕ್ತ ಬರುವುದು ನೇರ ಮಹಾಧಮನಿಯಿಂದ. ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಆ ರಕ್ತನಾಳ ಕಂಡರೆ ಇದು ಅದೇ ಅಂತ ಗೊತ್ತಾಗುತ್ತದೆ. ಎರಡೂ ಬೆರೆತದ್ದೂ ಇರುತ್ತದೆ. ಮೂರನೆಯದು ಬ್ರಾಂಕೋಜೆನಿಕ್ ಸಿಸ್ಟ್: ಉಸಿರ್ಗೊಳವೆಯ ಹತ್ತಿರ, ಎದೆಯ ನಡುವೆ ಸಾಮಾನ್ಯವಾಗಿ ಒಂದೇ ಗುಳ್ಳೆ.

ಗುಳ್ಳೆಯೇ ಅಲ್ಲದ್ದೂ ಒಂದಿದೆ, ಅದನ್ನು ತಪ್ಪದೆ ಬೇರೆ ಮಾಡಲೇಬೇಕು. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯಲ್ಲಿ ತೂತಿದ್ದು ಮಗುವಿನ ಜಠರವೋ ಕರುಳೋ ಎದೆಗೆ ಏರಿ ಕೂತಿರುವುದು. ಸ್ಕ್ಯಾನ್‌ನಲ್ಲಿ ಅದೂ ನೀರಿನ ಗುಳ್ಳೆ ಥರವೇ ಕಾಣುತ್ತದೆ. ಅದರ ಚಿಕಿತ್ಸೆ ಬೇರೆ, ಅಪಾಯವೂ ಜಾಸ್ತಿ. ಹಾಗಾಗಿ ಡಾಕ್ಟರಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ಮಗುವಿನ ಜಠರ ಹೊಟ್ಟೆಯಲ್ಲೇ ಕಾಣ್ತಾ ಇದೆಯಾ?" ಎರಡನೆಯದು: "ಈ ಗಂಟಿಗೆ ರಕ್ತ ಎಲ್ಲಿಂದ ಬರ್ತಾ ಇದೆ?" ಈ ಎರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ದಾರಿ ಬಂದ ಹಾಗೆ.

ಅನುಮಾನ ಉಳಿದರೆ ಮಗುವಿನ ಎಂಆರ್‌ಐ ಮಾಡಿಸುತ್ತಾರೆ. ಅದರಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಬಸುರಿಗೆ ಬಣ್ಣದ ಇಂಜೆಕ್ಷನ್ ಕೊಡುವುದೂ ಇಲ್ಲ. ಜೊತೆಗೆ ಮಗುವಿನ ಹೃದಯದ ಎಕೋ. ಬೇರೆ ಅಂಗದಲ್ಲಿ ಏನೂ ತೊಂದರೆ ಇಲ್ಲದೆ ಶ್ವಾಸಕೋಶದಲ್ಲಿ ಮಾತ್ರ ಗುಳ್ಳೆ ಇದ್ದರೆ ವರ್ಣತಂತುವಿನ ದೋಷ ಇರುವ ಸಾಧ್ಯತೆ ಕಡಿಮೆ. ಬೇರೆ ತೊಂದರೆ ಇದ್ದರೆ ಅಥವಾ ಮಗುವಿನ ಮೈಯಲ್ಲಿ ನೀರು ತುಂಬಿದ್ದರೆ ಗರ್ಭದ ನೀರು ತೆಗೆದು ಪರೀಕ್ಷೆ ಮಾಡೋಣ ಎನ್ನಬಹುದು.

ಒಂದು ಲೆಕ್ಕ ಕಲಿತುಕೊಳ್ಳಿ

ಇನ್ನು ಮುಂದೆ ಪ್ರತಿ ಸ್ಕ್ಯಾನ್‌ನಲ್ಲೂ ನೀವು ಹುಡುಕಬೇಕಾದ ಸಂಖ್ಯೆ ಸಿವಿಆರ್. ಗುಳ್ಳೆಯ ಗಾತ್ರವನ್ನು ಮಗುವಿನ ತಲೆಗೆ ಹೋಲಿಸಿ ನೋಡುವ ಲೆಕ್ಕ ಇದು. ಮಗು ಬೆಳೆಯುತ್ತಾ ಇರುತ್ತದಲ್ಲ, ಹಾಗಾಗಿ ಗುಳ್ಳೆ ಬರೀ ಎಷ್ಟು ಸೆಂಟಿಮೀಟರ್ ಅಂದರೆ ಏನೂ ತಿಳಿಯುವುದಿಲ್ಲ. 2002ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ತಂಡ ಇದನ್ನು ಪ್ರಕಟಿಸಿತು. ಇವತ್ತಿಗೂ ಎಲ್ಲ ಕಡೆ ಇದೇ ನಡೆಯುತ್ತದೆ.

ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿ. ಬಂದದ್ದನ್ನು 0.52ರಿಂದ ಗುಣಿಸಿ. ಅದನ್ನು ತಲೆಯ ಸುತ್ತಳತೆಯಿಂದ ಭಾಗಿಸಿ. ಎಲ್ಲ ಅಳತೆಯೂ ಸೆಂಟಿಮೀಟರ್‌ನಲ್ಲೇ ಇರಬೇಕು.

ತಂಗಿಯ 22 ವಾರದ ರಿಪೋರ್ಟಿನ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. ಗುಳ್ಳೆ 4, 3.5 ಮತ್ತು 3 ಸೆಂಟಿಮೀಟರ್. ಗುಣಿಸಿದರೆ 42. ಅದಕ್ಕೆ 0.52 ಹಾಕಿದರೆ 21.8. ತಲೆ ಸುತ್ತಳತೆ 20. ಭಾಗಿಸಿದರೆ ಸುಮಾರು 1.1. ಆ ರಾತ್ರಿ ತಂಗಿಯ ಗಂಡ ತಾನೇ ಒಂದು ಸಲ ಲೆಕ್ಕ ಹಾಕಿ 109 ಅಂತ ತೋರಿಸಿ ಬೆವರಿಬಿಟ್ಟಿದ್ದ. ರಿಪೋರ್ಟಿನಲ್ಲಿ ಅಳತೆ ಮಿಲಿಮೀಟರ್‌ನಲ್ಲಿತ್ತು. ಅವನು 40, 35, 30 ಹಾಗೇ ಗುಣಿಸಿದ್ದ. ನೀವು ಈ ತಪ್ಪು ಮಾಡಬೇಡಿ. ಪ್ರತಿ ಅಳತೆಯನ್ನೂ ಮೊದಲು 10ರಿಂದ ಭಾಗಿಸಿಕೊಳ್ಳಿ.

ಈಗ ಗಡಿ. ಸಿವಿಆರ್ 1.6ಕ್ಕಿಂತ ಕಡಿಮೆ ಇದ್ದು, ನಡುವೆ ಒಂದೇ ದೊಡ್ಡ ಗುಳ್ಳೆ ಇಲ್ಲದಿದ್ದರೆ, ಮಗುವಿನ ಮೈಯಲ್ಲಿ ನೀರು ತುಂಬುವ ಅಪಾಯ ಶೇ 3ಕ್ಕಿಂತ ಕಡಿಮೆ ಅಂತ ಆ ಅಧ್ಯಯನ ಹೇಳಿತು. 1.6 ದಾಟಿದರೆ ಅಪಾಯ ತುಂಬಾ ಜಾಸ್ತಿ. 1.0ಕ್ಕಿಂತ ಮೇಲಿದ್ದರೆ ಹುಟ್ಟಿದ ಕೂಡಲೇ ಉಸಿರಾಟಕ್ಕೆ ನೆರವು ಬೇಕಾಗಬಹುದು ಅಂತ ಡಾಕ್ಟರ್‌ಗಳು ಸಿದ್ಧವಾಗಿರುತ್ತಾರೆ. ಒಂದೇ ದೊಡ್ಡ ಗುಳ್ಳೆ ಇದ್ದರೆ ಮಾತ್ರ ಈ ಸಂಖ್ಯೆಯನ್ನು ಜಾಸ್ತಿ ನಂಬಬೇಡಿ. ಅದು ದಿಢೀರನೆ ತುಂಬಿಕೊಳ್ಳಬಹುದು.

ಕಾಯುವ ವಾರಗಳು

ಬಹಳ ಮಟ್ಟಿಗೆ ಚಿಕಿತ್ಸೆ ಅಂದರೆ ಕಾಯುವುದೇ. ಸುಮ್ನೆ ಕೂತು ಅಲ್ಲ, ಸ್ಕ್ಯಾನ್ ಮಾಡಿಸುತ್ತಾ. ಸಿಪಿಎಎಂ ಜೋರಾಗಿ ಬೆಳೆಯುವುದು 20ರಿಂದ 26 ವಾರದ ನಡುವೆ. 28 ವಾರದ ಹೊತ್ತಿಗೆ ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಗುಳ್ಳೆ ಅಷ್ಟೇ ಇರುತ್ತದೆ, ಮಗು ಬೆಳೆಯುತ್ತದೆ. ಹಾಗಾಗಿ ಆ ಆರೆಂಟು ವಾರವೇ ಕಷ್ಟದ ಕಾಲ. ಗುಳ್ಳೆ ಸಣ್ಣದಿದ್ದರೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಂದು ಸ್ಕ್ಯಾನ್. 1.6ರ ಹತ್ತಿರ ಹೋದರೆ ವಾರಕ್ಕೆ ಎರಡು ಮೂರು ಸಲವೂ ಕರೆಯಬಹುದು. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವವರು ಆ ಕೆಲವು ವಾರ ಊರಲ್ಲಿರುವ ನೆಂಟರ ಮನೆಯಲ್ಲಿ ಉಳಿಯುವ ಯೋಚನೆ ಮಾಡಿ.

ಪ್ರತಿ ಸ್ಕ್ಯಾನ್‌ನಲ್ಲೂ ಅವರು ಹುಡುಕುವುದು ಹೈಡ್ರಾಪ್ಸ್. ಚರ್ಮದಡಿ, ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ, ಹೃದಯದ ಸುತ್ತ, ಈ ಪೈಕಿ ಎರಡು ಕಡೆಯಾದರೂ ನೀರು ನಿಂತಿದ್ದರೆ ಅದು ಹೈಡ್ರಾಪ್ಸ್. ಗುಳ್ಳೆ ಹೃದಯವನ್ನು, ಹೃದಯಕ್ಕೆ ರಕ್ತ ತರುವ ನಾಳವನ್ನು ಒತ್ತಿದಾಗ ಹೀಗಾಗುತ್ತದೆ. ಹೃದಯ ಪಕ್ಕಕ್ಕೆ ಸರಿದಿದೆ ಅನ್ನುವುದಷ್ಟೇ ಹೈಡ್ರಾಪ್ಸ್ ಅಲ್ಲ. ಈ ವ್ಯತ್ಯಾಸ ಯಾರೂ ಹೇಳದ ಕಾರಣಕ್ಕೆ ನಾವು ಮೊದಲ ವಾರ ಸುಮ್ನೆ ಅತ್ತೆವು. ಅನ್ನನಾಳ ಒತ್ತಿ ಹೋದರೆ ಮಗುವಿಗೆ ನೀರು ನುಂಗಲಾಗದೆ ಗರ್ಭದ ನೀರೂ ಹೆಚ್ಚಾಗಬಹುದು.

ತಾಯಿಯ ಮೇಲೂ ಕಣ್ಣಿರಲಿ. ಮಗುವಿಗೆ ಹೈಡ್ರಾಪ್ಸ್ ಆದಾಗ ಕೆಲವು ಸಲ ತಾಯಿಗೂ ಹಾಗೇ ಮೈ ಊದಿಕೊಳ್ಳುತ್ತದೆ, ಬಿಪಿ ಏರುತ್ತದೆ, ಉಸಿರು ಕಟ್ಟುತ್ತದೆ. ಇದಕ್ಕೆ ಮಿರರ್ ಸಿಂಡ್ರೋಮ್ ಅಂತಾರೆ. ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ, ತಲೆನೋವು ಬಿಡದಿದ್ದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಆಗಲೇ ಹೊರಡಿ.

ಹೊಟ್ಟೆಯೊಳಗೆ ಇರುವಾಗಲೇ ಚಿಕಿತ್ಸೆ

ಮೊದಲ ಮದ್ದು ತಾಯಿಗೆ ಕೊಡುವ ಇಂಜೆಕ್ಷನ್. ಬೀಟಾಮೆಥಾಸೋನ್, 12 ಮಿಲಿಗ್ರಾಂ, 24 ಗಂಟೆ ಬಿಟ್ಟು ಎರಡು ಸಲ. ಅವಧಿಗೆ ಮೊದಲು ಹೆರಿಗೆ ಆಗುವಂತಿದ್ದರೆ ಶ್ವಾಸಕೋಶ ಬಲಿಯಲು ಕೊಡುತ್ತಾರಲ್ಲ, ಅದೇ. ದೊಡ್ಡ ಮೈಕ್ರೋಸಿಸ್ಟಿಕ್ ಗಂಟಿದ್ದಾಗ ಇದನ್ನು ಕೊಟ್ಟರೆ ಎಷ್ಟೋ ಸಲ ಬೆಳವಣಿಗೆ ನಿಂತು ಹೈಡ್ರಾಪ್ಸ್ ಇಳಿದಿದೆ. ಯಾಕೆ ಹಾಗಾಗುತ್ತದೆ ಅಂತ ಪೂರ್ತಿ ವಿವರಿಸಿದವರಿಲ್ಲ, ಆದರೂ ಮೊದಲ ಆಯ್ಕೆ ಇದೇ. ದೊಡ್ಡ ಗುಳ್ಳೆಯ ಥರಕ್ಕೆ ಇದು ಅಷ್ಟು ಕೆಲಸ ಮಾಡುವುದಿಲ್ಲ. ಇಂಜೆಕ್ಷನ್ ಆದ ಕೆಲವು ದಿನ ತಾಯಿಯ ಶುಗರ್ ಏರುತ್ತದೆ. ಮೊದಲೇ ಶುಗರ್ ಇದ್ದರೆ ಬಾಯಿ ಬಿಟ್ಟು ಹೇಳಿ.

ದೊಡ್ಡ ಗುಳ್ಳೆ ಹೃದಯವನ್ನು ಒತ್ತುತ್ತಿದ್ದರೆ ಸ್ಕ್ಯಾನ್ ನೋಡುತ್ತಾ ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಕಿ ನೀರು ಎಳೆಯುತ್ತಾರೆ. ಕೆಲವೇ ದಿನದಲ್ಲಿ ಮತ್ತೆ ತುಂಬಿಕೊಳ್ಳುವುದು ಮಾಮೂಲು. ಆಗ ಎರಡೂ ತುದಿ ಸುರುಳಿಯಾಗಿರುವ ಒಂದು ಪುಟ್ಟ ಕೊಳವೆ ಇಡುತ್ತಾರೆ. ಒಂದು ತುದಿ ಗುಳ್ಳೆಯೊಳಗೆ, ಇನ್ನೊಂದು ಗರ್ಭದ ನೀರಿನಲ್ಲಿ. ಇದಕ್ಕೆ ಶಂಟ್ ಅಂತಾರೆ. ಕೊಳವೆ ಜಾರಬಹುದು, ಕಟ್ಟಿಕೊಳ್ಳಬಹುದು, ನೀರು ಒಡೆಯಬಹುದು, ನೋವು ಬೇಗ ಶುರುವಾಗಬಹುದು. ಇಷ್ಟನ್ನೂ ಸಹಿ ಹಾಕುವ ಮೊದಲು ಕೇಳಿಸಿಕೊಳ್ಳಿ. ಸೀಕ್ವೆಸ್ಟ್ರೇಷನ್‌ಗೆ ರಕ್ತ ಕೊಡುವ ನಾಳವನ್ನು ಲೇಸರ್‌ನಿಂದ ಮುಚ್ಚುವುದೂ ಇದೆ. "ನೀವು ಇಂಥದ್ದನ್ನು ಎಷ್ಟು ಮಾಡಿದ್ದೀರಿ ಸರ್?" ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಗರ್ಭಕೋಶ ತೆರೆದು ಮಗುವಿನ ಶ್ವಾಸಕೋಶದ ಆ ಭಾಗ ತೆಗೆದು ಮತ್ತೆ ಒಳಗಿಡುವ ಆಪರೇಷನ್ ಬಗ್ಗೆ ಯೂಟ್ಯೂಬ್‌ನಲ್ಲಿ ನೋಡಿರುತ್ತೀರಿ. ಸ್ಯಾನ್ ಫ್ರಾನ್ಸಿಸ್ಕೋದ ಮೈಕೆಲ್ ಹ್ಯಾರಿಸನ್ ಅವರ ತಂಡ ಅದರ ವರದಿ ಪ್ರಕಟಿಸಿದ್ದು 1990ರಲ್ಲಿ. ಇವತ್ತಿಗೂ ಜಗತ್ತಿನ ಕೆಲವೇ ಆಸ್ಪತ್ರೆಗಳಲ್ಲಿ, 32 ವಾರಕ್ಕೆ ಮೊದಲು, ಬೇರೆ ಯಾವುದೂ ಕೆಲಸ ಮಾಡದೆ ಹೈಡ್ರಾಪ್ಸ್ ಇದ್ದಾಗ ಮಾತ್ರ ಮಾಡುತ್ತಾರೆ. ಅದಾದ ಮೇಲೆ ಆ ತಾಯಿಗೆ ಮುಂದಿನ ಎಲ್ಲ ಹೆರಿಗೆಯೂ ಸಿಸೇರಿಯನ್ನೇ. 32 ವಾರ ದಾಟಿದ್ದರೆ ಸಾಮಾನ್ಯವಾಗಿ ಬೇಗ ಹೆರಿಗೆ ಮಾಡಿಸಿ ಹೊರಗೆ ಚಿಕಿತ್ಸೆ ಕೊಡುತ್ತಾರೆ.

ಕಾನೂನಿನ ಎರಡು ಮಾತು

ಮುಂದುವರಿಸಬೇಕೋ ಬೇಡವೋ ಅನ್ನುವ ಪ್ರಶ್ನೆ ಕೆಲವರಿಗೆ ನಿಜವಾಗಿಯೂ ಬರುತ್ತದೆ. ಗರ್ಭಪಾತದ ಕಾನೂನಿಗೆ ಆದ 2021ರ ತಿದ್ದುಪಡಿಯ ನಂತರ 20 ವಾರದ ತನಕ ಒಬ್ಬ ಡಾಕ್ಟರ್ ಒಪ್ಪಿಗೆ ಸಾಕು. 20ರಿಂದ 24ರ ತನಕ ಕಾನೂನು ಹೇಳಿದ ಕೆಲವು ವರ್ಗದ ಹೆಂಗಸರಿಗೆ ಇಬ್ಬರು ಡಾಕ್ಟರ್ ಬೇಕು. 24 ದಾಟಿದರೆ ಮಗುವಿಗೆ ದೊಡ್ಡ ದೋಷ ಇದೆ ಎಂದು ಮೆಡಿಕಲ್ ಬೋರ್ಡ್ ಹೇಳಬೇಕು. ಹೆಂಗಸು ವಯಸ್ಕಳಾಗಿದ್ದರೆ ಒಪ್ಪಿಗೆ ಅವಳೊಬ್ಬಳದೇ ಸಾಕು. ಗಂಡನದಾಗಲಿ ಅತ್ತೆಯದಾಗಲಿ ಬೇಕಿಲ್ಲ. ಆದರೆ ಹೈಡ್ರಾಪ್ಸ್ ಇಲ್ಲದ, ಬೇರೆ ದೋಷ ಇಲ್ಲದ ಗುಳ್ಳೆ ಇರುವ ಮಕ್ಕಳು ಬಹುಪಾಲು ಚೆನ್ನಾಗಿಯೇ ಬೆಳೆಯುತ್ತಾರೆ. ಅದಕ್ಕೇ ಹೇಳಿದ್ದು, ಫೀಟಲ್ ಮೆಡಿಸಿನ್ ಡಾಕ್ಟರ್ ನೋಡುವ ತನಕ ಯಾರ ಮಾತಿಗೂ ತಲೆಯಾಡಿಸಬೇಡಿ. ಇನ್ನೊಂದು: ಪ್ರತಿ ಸ್ಕ್ಯಾನ್‌ಗೂ ಫಾರಂಗೆ ಸಹಿ ಹಾಕಿಸುತ್ತಾರೆ, ಗಂಡೋ ಹೆಣ್ಣೋ ಹೇಳುವುದಿಲ್ಲ. ಕೇಳಲೂಬೇಡಿ. 1994ರ ಕಾಯ್ದೆ ಪ್ರಕಾರ ಅಪರಾಧ.

ಹೆರಿಗೆ ಎಲ್ಲಿ?

ನಮ್ಮ ಮನೆಯಲ್ಲಿ ದೊಡ್ಡ ಜಗಳ ಆದದ್ದು ಇಲ್ಲೇ. ಮೊದಲ ಹೆರಿಗೆ ತವರಲ್ಲಿ ಅಂತ ಪದ್ಧತಿ. ಅಮ್ಮ ಅಂಟಿನುಂಡೆಗೆ ಕೊಬ್ಬರಿ ಕೂಡ ತಂದಿಟ್ಟಿದ್ದಳು. ಊರಿನ ನರ್ಸಿಂಗ್ ಹೋಮ್‌ನಲ್ಲಿ ವೆಂಟಿಲೇಟರ್ ಇರಲಿಲ್ಲ. ಡಾಕ್ಟರ್ ಒಂದೇ ಮಾತು ಹೇಳಿದರು: "ಸೀಮಂತ ತವರಲ್ಲಿ ಮಾಡ್ಕೊಳ್ಳಿ, ಬಾಣಂತನಾನೂ ತವರಲ್ಲಿ ಮಾಡ್ಕೊಳ್ಳಿ. ಹೆರಿಗೆ ಮಾತ್ರ ಇಲ್ಲಿ." ಕೊನೆಗೆ ಹಾಗೇ ಆಯಿತು.

ನವಜಾತ ಶಿಶುವಿನ ಐಸಿಯು ಮತ್ತು ಮಕ್ಕಳ ಸರ್ಜನ್ ಇಬ್ಬರೂ ಇರುವ ಆಸ್ಪತ್ರೆ ಆರಿಸಿ. ಮಗುವಿನ ಪಾಲಿಗೆ ಒಳ್ಳೆಯ ಆಂಬುಲೆನ್ಸ್ ಅಂದರೆ ತಾಯಿಯ ಹೊಟ್ಟೆಯೇ. ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ಮೊದಲೇ ಅಲ್ಲಿರುವುದು ಮೇಲು. ಏಳನೇ ತಿಂಗಳಲ್ಲೇ ಸರ್ಜನ್ ಅವರನ್ನು ಒಮ್ಮೆ ನೋಡಿ ಬನ್ನಿ. ಗುಳ್ಳೆ ಸಣ್ಣದಿದ್ದರೆ ಸಿಸೇರಿಯನ್ ಬೇಕೇಬೇಕು ಅಂತಿಲ್ಲ, ತಿಂಗಳು ತುಂಬಿ ಮಾಮೂಲು ಹೆರಿಗೆ ಆಗಬಹುದು.

ದುಡ್ಡಿನ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದ ತನಕ ಸಿಗುತ್ತದೆ. ಬಹಳಷ್ಟು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದನ್ನು ಮರೆತು ಖಾಸಗಿಗೆ ನೇರ ಹೋದವರು ಪರದಾಡುತ್ತಾರೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಸರ್ಜರಿ ವಿಭಾಗ ಇದೆ. ಆಫೀಸಿನ ಇನ್ಶೂರೆನ್ಸ್ ಇದ್ದರೆ ಮಗು ಹುಟ್ಟಿದ ಕೂಡಲೇ ಹೆಸರು ಸೇರಿಸಿ. ಪಾಲಿಸಿಯಲ್ಲಿ 'ಇಂಟರ್ನಲ್ ಕಂಜೆನಿಟಲ್' (ಹುಟ್ಟಿನಿಂದ ಮೈಯೊಳಗಿರುವ ದೋಷ) ಅನ್ನುವ ಸಾಲು ಎಲ್ಲಿದೆ, ಏನು ಹೇಳುತ್ತದೆ ಅಂತ ಓದಿ.

"ಮಾಯವಾಗಿದೆ" ಎಂದರೆ

32 ವಾರದ ಸ್ಕ್ಯಾನ್‌ನಲ್ಲಿ ತಂಗಿಗೆ "ಗುಳ್ಳೆ ಕಾಣ್ತಾ ಇಲ್ಲ" ಎಂದರು. ಅತ್ತೆ ಧರ್ಮಸ್ಥಳಕ್ಕೆ ಹರಕೆ ತೀರಿಸಲು ಹೊರಟೇಬಿಟ್ಟರು. ಹರಕೆ ತೀರಿಸಿ, ತಪ್ಪಿಲ್ಲ. ಫೈಲ್ ಮಾತ್ರ ಮುಚ್ಚಬೇಡಿ. ತಿಂಗಳು ತುಂಬುತ್ತಾ ಬಂದಾಗ ಸುತ್ತಲಿನ ಶ್ವಾಸಕೋಶವೂ ಅದೇ ಬಣ್ಣಕ್ಕೆ ತಿರುಗಿ ಗುಳ್ಳೆ ಅದರಲ್ಲಿ ಬೆರೆತು ಹೋಗುತ್ತದೆ. ಸ್ಕ್ಯಾನ್‌ನಲ್ಲಿ ಮಾಯವಾದ ಎಷ್ಟೋ ಗುಳ್ಳೆ ಹುಟ್ಟಿದ ಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಕಂಡಿವೆ. ನಮ್ಮ ಹುಡುಗನಿಗೂ ಹಾಗೇ. ಹುಟ್ಟಿದಾಗ ಜೋರಾಗಿ ಅತ್ತ, ಎಕ್ಸ್‌ರೇ ನಾರ್ಮಲ್ ಬಂತು. ನಾಲ್ಕನೇ ತಿಂಗಳ ಸಿಟಿಯಲ್ಲಿ ಎಡ ಕೆಳಭಾಗದಲ್ಲಿ ಗುಳ್ಳೆ ಅಲ್ಲೇ ಕೂತಿತ್ತು.

ಉಸಿರಾಟಕ್ಕೆ ತೊಂದರೆ ಇದ್ದರೆ ಕೂಡಲೇ ಆಪರೇಷನ್. ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳ ನಡುವೆ ಕಾಂಟ್ರಾಸ್ಟ್ (ಬಣ್ಣದ ಇಂಜೆಕ್ಷನ್) ಹಾಕಿ ಸಿಟಿ ಮಾಡಿಸುತ್ತಾರೆ. ಆಮೇಲೆ ತೆಗೆಯಬೇಕೋ ಬೇಡವೋ ಅನ್ನುವುದರಲ್ಲಿ ಡಾಕ್ಟರ್‌ಗಳಲ್ಲೇ ಎರಡು ಅಭಿಪ್ರಾಯ ಇದೆ. ತೆಗೆಯಿರಿ ಎನ್ನುವವರು ಮತ್ತೆ ಮತ್ತೆ ಸೋಂಕು ಬರಬಹುದು, ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಇರಬಹುದು ಎನ್ನುತ್ತಾರೆ. ಕಾಯೋಣ ಎನ್ನುವವರು ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಎರಡೂ ಕಡೆ ಒಮ್ಮೆ ಕೇಳಿ. ನನ್ನನ್ನು ಕೇಳಿದರೆ, ದೂರದ ಊರಿನಲ್ಲಿದ್ದು ವರ್ಷ ವರ್ಷ ತಪಾಸಣೆಗೆ ಬರುವುದು ಕಷ್ಟ ಎನ್ನುವವರಿಗೆ ತೆಗೆಸುವುದೇ ವಾಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಥೈರಾಯ್ಡ್ ಗಂಟು, ಮೂತ್ರಪಿಂಡದಲ್ಲಿ ಗುಳ್ಳೆ ಅಥವಾ ಮಕ್ಕಳ ಶ್ವಾಸಕೋಶದ ಗಡ್ಡೆ ಬಂದಿದ್ದರೆ ತಪ್ಪದೆ ಹೇಳಿ. ಡೈಸರ್1 ಅನ್ನುವ ವಂಶವಾಹಿಯ ಪರೀಕ್ಷೆ ಬೇಕಾಗಬಹುದು.

ಶ್ವಾಸಕೋಶದ ಒಂದು ಭಾಗ ತೆಗೆದರೆ ಮಗು ಓಡಾಡುತ್ತಾ ಎಂಬುದು ಎಲ್ಲರ ಭಯ. ಎಳೆಯ ಮಕ್ಕಳ ಶ್ವಾಸಕೋಶ ಇನ್ನೂ ಹೊಸ ಗಾಳಿಚೀಲಗಳನ್ನು ಬೆಳೆಸುತ್ತಿರುತ್ತದೆ, ಉಳಿದ ಭಾಗ ಆ ಜಾಗ ತುಂಬಿಕೊಳ್ಳುತ್ತದೆ. ನಮ್ಮವನಿಗೆ ಎಂಟನೇ ತಿಂಗಳಲ್ಲಿ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಆಪರೇಷನ್ ಮಾಡಿದರು. ಕಂಕುಳ ಕೆಳಗೆ ಮೂರು ಸಣ್ಣ ಗುರುತು ಇವೆ, ಹುಡುಕಿದರೆ ಸಿಗುತ್ತವೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರೆ. ಆ ಬಯಾಪ್ಸಿ ರಿಪೋರ್ಟ್ ಕೇಳಿ ತೆಗೆದುಕೊಳ್ಳಿ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಅದೊಂದೇ ಬಿಟ್ಟುಹೋಗುವುದು.

ಆಪರೇಷನ್ ಆಗುವ ತನಕ, ಅಥವಾ ಮಾಡಿಸದೆ ಕಾಯುತ್ತಿದ್ದರೆ, ಮಗು ಮಲಗಿದ್ದಾಗ ಉಸಿರು ಎಣಿಸಲು ಕಲಿಯಿರಿ. ಪೂರ್ತಿ ಒಂದು ನಿಮಿಷ, ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ. ಎರಡು ತಿಂಗಳ ಒಳಗಿನ ಮಗುವಿಗೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದ ತನಕ 50 ಅಥವಾ ಜಾಸ್ತಿ ಬಂದರೆ ಅದು ಜೋರು ಉಸಿರು. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ ರಾತ್ರಿ ಎಷ್ಟು ಹೊತ್ತಾದರೂ ಹೊರಡಿ. ಹೊರಡುವಾಗ ಸಿಟಿ ಫಿಲ್ಮ್ ಇರುವ ಫೈಲ್ ಕೈಯಲ್ಲಿರಲಿ. ಗಾಳಿ ತುಂಬಿದ ಗುಳ್ಳೆ ಬರೀ ಎಕ್ಸ್‌ರೇಯಲ್ಲಿ ಶ್ವಾಸಕೋಶ ಒಡೆದು ಗಾಳಿ ಸೋರಿದ ಹಾಗೆ ಕಾಣಬಹುದು. ಗೊತ್ತಿಲ್ಲದ ಡ್ಯೂಟಿ ಡಾಕ್ಟರ್ ಎದೆಗೆ ಟ್ಯೂಬ್ ಹಾಕಲು ಹೊರಟಾರು. "ಇವನಿಗೆ ಹುಟ್ಟಿನಿಂದ ಇಲ್ಲಿ ಸಿಪಿಎಎಂ ಇದೆ, ಇದು ಹಳೆಯ ಸಿಟಿ" ಅಂತ ಬಾಗಿಲಲ್ಲೇ ಹೇಳಿ ಫಿಲ್ಮ್ ಕೈಗೆ ಕೊಡಿ. ತಂಗಿ ಅದರ ಒಂದು ಫೋಟೋವನ್ನು ಗಂಡನ ಫೋನಿನಲ್ಲೂ, ನನ್ನ ಫೋನಿನಲ್ಲೂ, ಪಕ್ಕದ ಮನೆಯವರ ಫೋನಿನಲ್ಲೂ ಹಾಕಿಟ್ಟಿದ್ದಳು.